ಟ್ಯಾಂಕ್ ತಿರುವಿನ ಗುಂಡಿ ಮತ್ತು ನಾನು ಹಾಕಿದ ಅರ್ಜಿಗಳು

ಆವತ್ತು ರಾತ್ರಿಯೆಲ್ಲ ಮಳೆ ಸುರಿದು ಬೆಳಗಿನ ಹೊತ್ತಿಗೆ ನಿಂತಿತ್ತು. 2022ರ ಆಗಸ್ಟ್, ವರಮಹಾಲಕ್ಷ್ಮಿ ಹಬ್ಬದ ವಾರ. ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ತಿರುವಿನ ಕಡೆಯಿಂದ ಏನೋ ದೊಪ್ಪನೆ ಬಿದ್ದ ಸದ್ದು ಬಂತು. ಹಿಂದೆಯೇ "ಅಮ್ಮಾ" ಅನ್ನುವ ಕೂಗು. ಓಡಿಹೋಗಿ ನೋಡಿದರೆ ನಮ್ಮ ಬೀದಿಗೆ ಹನ್ನೊಂದು ವರ್ಷದಿಂದ ಹೂವು ತರುವ ಅಣ್ಣ ರಸ್ತೆಯಲ್ಲಿ ಬಿದ್ದಿದ್ದರು. ಸೈಕಲ್ಲಿನ ಮುಂದಿನ ಚಕ್ರ ಗುಂಡಿಯೊಳಗೆ ಸಿಕ್ಕಿಕೊಂಡಿತ್ತು. ಬುಟ್ಟಿ ಮಗುಚಿ ಕಾಕಡ, ಕನಕಾಂಬರ ಎಲ್ಲ ಕೆಂಪು ನೀರಿನ ಮೇಲೆ ತೇಲುತ್ತಿದ್ದವು. ಅವರು ಎಡಗೈಯನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದರು. "ಅಕ್ಕಾ, ಹೂವು ಎತ್ತಿಡಿ, ಯಾರಾದ್ರೂ ಗಾಡಿ ಹತ್ತಿಸಿಬಿಡ್ತಾರೆ" ಅಂತ ಅದನ್ನೇ ಹೇಳುತ್ತಿದ್ದರು. ಹಬ್ಬಕ್ಕೆ ಅಂತ ಸಾಲ ಮಾಡಿ ತಂದ ಹೂವು ಅದು.

ಆ ಗುಂಡಿ ನಮಗೆಲ್ಲ ಗೊತ್ತಿದ್ದದ್ದೇ. ನೀರಿನ ಟ್ಯಾಂಕ್ ಪಕ್ಕದ ತಿರುವಿನಲ್ಲಿ, ರೇಷನ್ ಅಂಗಡಿಗೆ ಸರಿಯಾಗಿ ಎದುರು. ನಾನೂ ಅದೇ ದಾರಿಯಲ್ಲಿ ದಿನಾ ಸೈಕಲ್ ತುಳಿಯುತ್ತೇನೆ. ಒಣಗಿದ್ದಾಗ ಬಳಸಿಕೊಂಡು ಹೋಗಬಹುದು. ಮಳೆ ಬಂದರೆ ಅದು ಗುಂಡಿಯ ಹಾಗೆ ಕಾಣುವುದೇ ಇಲ್ಲ, ರಸ್ತೆಯ ಮೇಲೆ ತೆಳ್ಳಗೆ ನೀರು ನಿಂತ ಹಾಗೆ ಕಾಣುತ್ತದೆ. ಸ್ಕೂಟರಿಗೆ ದಪ್ಪ ಟೈರು, ಶಾಕ್ ಅಬ್ಸಾರ್ಬರ್ ಇರುತ್ತದೆ. ಸೈಕಲ್ಲಿನ ಟೈರು ಎರಡು ಬೆರಳಗಲ. ಅದು ಗುಂಡಿಗೆ ಇಳಿದರೆ ಅಲ್ಲೇ ನಿಂತುಬಿಡುತ್ತದೆ, ತುಳಿಯುತ್ತಿದ್ದವರು ಮಾತ್ರ ಹ್ಯಾಂಡಲ್ ದಾಟಿ ಮುಂದೆ ಬೀಳುತ್ತಾರೆ.

ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಾಲರ್ ಬೋನ್ ಮುರಿದಿತ್ತು. ಚೀಟಿ ಬರೆಯುವಾಗ "ಹೇಗಾಯ್ತು?" ಅಂತ ಕೇಳಿದರು. ಅಣ್ಣ "ಸೈಕಲ್‌ನಿಂದ ಬಿದ್ದೆ ಸಾರ್" ಅಂದರು. "ಸೈಕಲ್‌ನಿಂದ ಬಿದ್ದು ಗಾಯ" ಅಂತ ಬರೆದುಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ, ಏನೂ ಹೇಳಲಿಲ್ಲ. ಅದು ಎಷ್ಟು ದೊಡ್ಡ ತಪ್ಪು ಅಂತ ಗೊತ್ತಾಗಿದ್ದು ಮುಂದೆ ಎಂಟು ತಿಂಗಳು ಕಳೆದ ಮೇಲೆ.

ಠಾಣೆಗೂ ಹೋದೆವು. "ಯಾರು ಗುದ್ದಿದ್ದು?" ಅಂದರು. ಯಾರೂ ಇಲ್ಲ ಅಂದೆ. "ಹಾಗಾದ್ರೆ ಕೇಸ್ ಯಾರ ಮೇಲೆ ಹಾಕೋದು ಹೇಳಿ? ಹಾಕಿದ್ರೆ ಇವರ ಮೇಲೇ ಹಾಕ್ಬೇಕಾಗುತ್ತೆ." ಅಣ್ಣ ನನ್ನ ಸೆರಗು ಜಗ್ಗಿ, "ಬೇಡ ಅಕ್ಕಾ, ಮನೆಗೆ ಹೋಗೋಣ" ಅಂದರು. ವಾಪಸ್ ಬಂದೆವು.

ನಾನು ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಹತ್ತು ರೂಪಾಯಿ ಹೊರಗೆ ಹೋದರೂ ಅದಕ್ಕೊಂದು ವೋಚರ್, ಒಂದು ಸಾಲು, ಒಂದು ಸಹಿ ಇರಬೇಕು. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಒಬ್ಬ ಮನುಷ್ಯ ಊರಿನ ನಡುಬೀದಿಯಲ್ಲಿ ಬಿದ್ದು ಮೂಳೆ ಮುರಿದುಕೊಂಡಿದ್ದಾನೆ, ಆ ರಸ್ತೆಯ ಯಾವ ಪುಸ್ತಕದಲ್ಲೂ ಅದಕ್ಕೊಂದು ಸಾಲಿಲ್ಲ. ಹಾಗಾದರೆ ಇವರಿಗಿಂತ ಮುಂಚೆ ಬಿದ್ದವರು? ಸಂಘದಲ್ಲಾದರೆ ಬರೆಯದೇ ಇದ್ದದ್ದು ನಡೆದೇ ಇಲ್ಲ ಅಂತ ಅರ್ಥ. ಮಾಹಿತಿ ಹಕ್ಕಿನ ಅರ್ಜಿ ಹಾಕುವ ಯೋಚನೆ ಬಂದದ್ದು ಆಗ.

ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಊರಿನ ಹೆಸರು ಹೇಳಿದರೆ ಕಚೇರಿಯ ಹೆಸರೂ ಹೇಳಿದ ಹಾಗೆ. ಆ ಕಚೇರಿಯಲ್ಲಿ ನನಗೆ ಸಹಾಯ ಮಾಡಿದವರೂ ಇದ್ದಾರೆ.

ಮೊದಲ ಅರ್ಜಿ ಸಿಟ್ಟಿನಲ್ಲಿ ಬರೆದೆ. ಎರಡು ಪುಟ. ಈ ಗುಂಡಿಯನ್ನು ಯಾಕೆ ಮುಚ್ಚಿಲ್ಲ? ಇದಕ್ಕೆ ಯಾರು ಹೊಣೆ? ಬಿದ್ದವರ ಗತಿ ಏನು? ಕೆಳಗೆ ಸಹಿ ಮಾಡಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಪಾಲಿಕೆಯ ಟಪಾಲು ವಿಭಾಗದಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡು ಬಂದೆ. ಇಪ್ಪತ್ತೆಂಟನೇ ದಿನ ಹಿಂಬರಹ ಬಂತು. "ತಮ್ಮ ಅರ್ಜಿಯು ಪ್ರಶ್ನೆಗಳ ರೂಪದಲ್ಲಿದ್ದು ಮಾಹಿತಿಯ ವ್ಯಾಖ್ಯೆಯಡಿ ಬರುವುದಿಲ್ಲ." ಅಷ್ಟೇ. ಕೆಳಗೆ ಹಸಿರು ಇಂಕಿನ ಸಹಿ.

ತುಂಬಾ ಬೇಜಾರಾಯಿತು. ಆ ಕಾಗದ ಹಿಡಿದುಕೊಂಡೇ ಮರುದಿನ ಕೆಲಸಕ್ಕೆ ಹೋಗಿದ್ದೆ. ನಮ್ಮ ಸಂಘಕ್ಕೆ ಒಬ್ಬ ನಿವೃತ್ತ ಶಿರಸ್ತೇದಾರರು ಠೇವಣಿ ಬಡ್ಡಿ ತೆಗೆದುಕೊಳ್ಳಲು ಬರುತ್ತಾರೆ. ಅವರಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನನ್ನ ಅರ್ಜಿಯನ್ನು ಪೂರ್ತಿ ಓದಿದರು. "ಅಮ್ಮಾ, ನೀನು ಬರೆದಿರೋದೆಲ್ಲ ಸರಿ. ಆದ್ರೆ ಈ ಕಾಯ್ದೇಲಿ ಯಾಕೆ, ಏನು ಅಂತ ಕೇಳೋ ಹಾಗಿಲ್ಲ. ಪ್ರಶ್ನೆ ಕೇಳಬೇಡ, ಪುಸ್ತಕ ಕೇಳು" ಅಂದರು.

ಆ ಒಂದು ಮಾತು ನನ್ನ ಕಣ್ಣು ತೆರೆಸಿತು. 2005ರ ಕಾಯ್ದೆಯ 2(ಎಫ್) ಕಲಂನಲ್ಲಿ ಮಾಹಿತಿ ಅಂದರೆ ಏನು ಅಂತ ಬರೆದಿದೆ. ದಾಖಲೆ, ದಸ್ತಾವೇಜು, ಆದೇಶ, ಸುತ್ತೋಲೆ, ಲಾಗ್ ಪುಸ್ತಕ, ಕರಾರು, ವರದಿ, ಮಾದರಿ. ಅಂದರೆ ಕಚೇರಿಯ ಕಪಾಟಿನಲ್ಲಿ ಆಗಲೇ ಇರುವ ವಸ್ತು. ಇಲ್ಲದ್ದನ್ನು ನಮಗಾಗಿ ಹೊಸದಾಗಿ ತಯಾರಿಸಿ ಕೊಡಬೇಕಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಕೂಡ 2011ರಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಮೊದಲು ತಿಳಿಯಬೇಕಾದದ್ದು ಒಂದೇ: ಒಂದು ರಸ್ತೆಗೆ ಸಂಬಂಧಿಸಿ ಪಾಲಿಕೆಯಲ್ಲಿ ಯಾವ ಯಾವ ಪುಸ್ತಕ ಇರುತ್ತದೆ?

ಶಿರಸ್ತೇದಾರರು ಒಂದು ರಸೀದಿಯ ಹಿಂಭಾಗದಲ್ಲಿ ಬರೆದುಕೊಟ್ಟರು. ಡಾಂಬರು ಹಾಕಿದ್ದಕ್ಕೆ ಕಾರ್ಯಾದೇಶ, ಕರಾರು ಪತ್ರ. ಎಷ್ಟು ಕೆಲಸ ಆಯಿತು ಅಂತ ಎಂಜಿನಿಯರ್ ಅಳೆದು ಬರೆಯುವ ಅಳತೆ ಪುಸ್ತಕ, ಇದನ್ನು ಎಲ್ಲರೂ ಎಂ.ಬಿ. ಅಂತಾರೆ. ಬಿಲ್ಲುಗಳು. ರಸ್ತೆ ಅಗೆಯಲು ಕೊಟ್ಟ ಅನುಮತಿ. ದೂರಿನ ವಹಿ. "ಎಂ.ಬಿ. ಬಿಡಬೇಡ. ಎಂ.ಬಿ.ಯಲ್ಲಿ ಬರೀದೆ ಬಿಲ್ ಆಗಲ್ಲ. ರಸ್ತೆಯ ಜಾತಕ ಅದು" ಅಂದರು.

ಇನ್ನೊಂದು ವಿಷಯ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ನನ್ನ ಎರಡು ಪುಟದ ಅರ್ಜಿ ಆ ಕಾರಣಕ್ಕೂ ತಿರಸ್ಕಾರ ಆಗಬಹುದಿತ್ತು. ಈ ಸಲ ನಮೂನೆ ಎ ತುಂಬಿ, ಇಷ್ಟೇ ಬರೆದೆ:

"ನೀರಿನ ಟ್ಯಾಂಕ್ ತಿರುವಿನಿಂದ ಪ್ರೌಢಶಾಲೆಯವರೆಗಿನ ರಸ್ತೆಗೆ ಸಂಬಂಧಿಸಿದಂತೆ 1-1-2021ರಿಂದ 31-8-2022ರವರೆಗಿನ ಈ ದಾಖಲೆಗಳ ದೃಢೀಕೃತ ಪ್ರತಿ ಬೇಕು: ಡಾಂಬರು ಕಾಮಗಾರಿಯ ಕಾರ್ಯಾದೇಶ ಮತ್ತು ಕರಾರು ಪತ್ರ, ಗುಂಡಿ ಮುಚ್ಚಿದ ಕೆಲಸದ ಅಳತೆ ಪುಸ್ತಕದ ಪುಟಗಳು ಮತ್ತು ಪಾವತಿಸಿದ ಬಿಲ್ಲುಗಳು, ರಸ್ತೆ ಅಗೆಯಲು ಕೊಟ್ಟ ಅನುಮತಿ ಪತ್ರಗಳು, ಈ ರಸ್ತೆಯ ಬಗ್ಗೆ ಬಂದ ದೂರುಗಳು, ಅವುಗಳ ಮೇಲೆ ಬರೆದ ಷರಾ ಸಮೇತ. ಪ್ರತಿ ಪಡೆಯುವ ಮೊದಲು ಈ ಕಡತಗಳನ್ನು ಖುದ್ದಾಗಿ ನೋಡಲು ಅವಕಾಶ ಕೊಡಬೇಕು."

ಯಾಕೆ ಬೇಕು ಅಂತ ಬರೆಯಲಿಲ್ಲ. ಬರೆಯಬೇಕಾಗಿಯೂ ಇಲ್ಲ, 6(2)ರಲ್ಲಿ ಹಾಗಂತಲೇ ಇದೆ. ಕೊನೆಯ ವಾಕ್ಯ, ಖುದ್ದಾಗಿ ನೋಡುವುದು, ಅದನ್ನು ಮಾತ್ರ ಯಾರೂ ಬಿಡಬೇಡಿ. ಅದು 2(ಜೆ) ಕಲಂ ಕೊಡುವ ಹಕ್ಕು. ನಾವು ಹೆಸರು ತಿಳಿದು ಕೇಳಿದ ಕಾಗದ ಮಾತ್ರ ಪ್ರತಿಯಾಗಿ ಸಿಗುತ್ತದೆ. ಹೆಸರೇ ಗೊತ್ತಿಲ್ಲದ ಕಾಗದ ಸಿಗುವುದು ಕಡತ ತೆರೆದು ಕೂತಾಗ.

ಪಾಲಿಕೆಗೆ ಇದೊಂದು. ಠಾಣೆಗೆ ಇನ್ನೊಂದು: ಅದೇ ರಸ್ತೆಯಲ್ಲಿ ಸೈಕಲ್ ಸವಾರರು ಗಾಯಗೊಂಡ ಪ್ರಕರಣಗಳ ಎಫ್‌ಐಆರ್ ಪ್ರತಿ. ಆಸ್ಪತ್ರೆಗೆ ಎರಡು. ಒಂದು ನನ್ನ ಹೆಸರಿನಲ್ಲಿ, ಆಗಸ್ಟ್ ತಿಂಗಳ ಎಂಎಲ್‌ಸಿ ವಹಿಯ, ಅಂದರೆ ಅಪಘಾತದಂಥ ಪೊಲೀಸರಿಗೂ ಸಂಬಂಧಿಸಿದ ಗಾಯಗಳನ್ನು ಆಸ್ಪತ್ರೆಯವರು ಬರೆದಿಡುವ ಪುಸ್ತಕದ ಪುಟಗಳಿಗೆ. ಇನ್ನೊಂದು ಅಣ್ಣನ ಹೆಸರಿನಲ್ಲಿ, ಅವರದೇ ಚಿಕಿತ್ಸೆಯ ದಾಖಲೆಗೆ. ಅವರದು ಬಿಪಿಎಲ್ ಕಾರ್ಡ್, ಅದರ ಪ್ರತಿ ಲಗತ್ತಿಸಿದರೆ ಶುಲ್ಕ ಇಲ್ಲ. ತಮ್ಮದೇ ದಾಖಲೆ ತಾವೇ ಕೇಳಿದರೆ ಖಾಸಗಿ ಮಾಹಿತಿ ಅನ್ನುವ ತಕರಾರೂ ಬರುವುದಿಲ್ಲ. ಬಲಗೈ ಸರಿಯಿದ್ದುದರಿಂದ ಅವರೇ ಸಹಿ ಮಾಡಿದರು, ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ.

ಮೊದಲು ಉತ್ತರ ಬಂದದ್ದು ಠಾಣೆಯಿಂದ. ಒಂದು ಪುಟ. ನಾನು ಕೇಳಿದ ಅವಧಿಯ ಪಕ್ಕದಲ್ಲಿ ಒಂದೇ ಪದ: "ಶೂನ್ಯ".

ಅದು ಸುಳ್ಳು ಅಂತ ನಾನು ಹೇಳುವುದಿಲ್ಲ. ಅವರ ಪುಸ್ತಕದಲ್ಲಿ ನಿಜವಾಗಿ ಶೂನ್ಯವೇ. ನಾವೇ ವಾಪಸ್ ಬಂದಿದ್ದೆವಲ್ಲ. ಆದರೆ ಈ ಶೂನ್ಯ ಅಲ್ಲಿಗೇ ನಿಲ್ಲುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯ ಪ್ರತಿ ವರ್ಷ ದೇಶದ ರಸ್ತೆ ಅಪಘಾತಗಳ ವರದಿ ತರುತ್ತದೆ. 2022ರಲ್ಲಿ ರಸ್ತೆ ಗುಂಡಿಗಳಿಂದ 1,856 ಜನ ಸತ್ತರು ಅಂತ ಅದರಲ್ಲಿದೆ. 2013ರಿಂದ 2017ರವರೆಗಿನ ಐದು ವರ್ಷದಲ್ಲಿ ಸತ್ತವರು 14,926. ಆ ಅಂಕಿ ನೋಡಿ ಸುಪ್ರೀಂ ಕೋರ್ಟೇ ದಿಗಿಲುಪಟ್ಟಿತ್ತು. ಈ ಲೆಕ್ಕವೆಲ್ಲ ಮೇಲೆ ಹೋಗುವುದು ಠಾಣೆಗಳಿಂದ. ಠಾಣೆಯಲ್ಲಿ ಬರೆಯದಿದ್ದರೆ ಜಿಲ್ಲೆಯಲ್ಲಿ ಇಲ್ಲ, ರಾಜ್ಯದಲ್ಲಿ ಇಲ್ಲ, ದೆಹಲಿಯಲ್ಲೂ ಇಲ್ಲ. ಒಬ್ಬರೇ ಬಿದ್ದು, ಯಾರೂ ಗುದ್ದದೆ, ಕೈ ಮುರಿದುಕೊಂಡು ಮನೆಗೆ ಹೋದ ಸೈಕಲ್ಲಿನವರು ಈ ದೇಶದಲ್ಲಿ ಎಷ್ಟು ಜನ ಇರಬಹುದು? ಅವರೆಲ್ಲ ಆ ಶೂನ್ಯದೊಳಗೆ ಇದ್ದಾರೆ. ಆ ಪುಟ ಓದಿ ನನಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು.

ಆಸ್ಪತ್ರೆಯವರು ಅಣ್ಣನ ದಾಖಲೆ ಕೊಟ್ಟರು. ನನ್ನ ಅರ್ಜಿಗೆ 8(1)(ಜೆ), ಖಾಸಗಿ ಮಾಹಿತಿ, ಕೊಡಲಾಗದು ಅಂದರು. ಮೊದಲನೇ ಮೇಲ್ಮನವಿ ಹಾಕಿದೆ. ನನಗೆ ಯಾರ ಹೆಸರೂ ಬೇಡ, ವಿಳಾಸವೂ ಬೇಡ, ಅವನ್ನು ಮುಚ್ಚಿ ದಿನಾಂಕ, ಸ್ಥಳ, ಕಾರಣದ ಕಾಲಂ ಮಾತ್ರ ಕೊಡಿ, 10ನೇ ಕಲಂ ಇರುವುದೇ ಇದಕ್ಕೆ ಅಂತ ಬರೆದೆ. ಒಪ್ಪಿದರು. ಹೆಸರಿನ ಮೇಲೆ ಕಾಗದದ ಪಟ್ಟಿ ಇಟ್ಟು ಜೆರಾಕ್ಸ್ ತೆಗೆದ ಪುಟಗಳು ಬಂದವು. ಈಗ ಈ ದಾರಿ ಇನ್ನೂ ಇಕ್ಕಟ್ಟಾಗಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶದ ಕಾಯ್ದೆಯ ಮೂಲಕ 8(1)(ಜೆ) ಕಲಂ ಬದಲಾಗಿ, 2025ರ ನವೆಂಬರ್‌ನಿಂದ ಹೊಸ ರೂಪದಲ್ಲಿ ಜಾರಿಗೆ ಬಂದಿದೆ. ಆದರೂ ಹೆಸರು ಮುಚ್ಚಿ ಕೊಡಿ ಅಂತ ಕೇಳುವ 10ನೇ ಕಲಂ, ಸಾರ್ವಜನಿಕ ಹಿತ ದೊಡ್ಡದು ಅನ್ನುವ 8(2) ಕಲಂ ಎರಡೂ ಉಳಿದಿವೆ. ಕೇಳುವವರು ಅವನ್ನು ಹಿಡಿದುಕೊಳ್ಳಬೇಕು.

ಆ ಪುಟಗಳಲ್ಲಿ "ಬೈಕ್‌ನಿಂದ ಬಿದ್ದು", "ಸೈಕಲ್‌ನಿಂದ ಬಿದ್ದು", "ಜಾರಿ ಬಿದ್ದು" ಅಂತ ಸಾಲು ಸಾಲಾಗಿ ಇದ್ದವು. ಸ್ಥಳದ ಕಾಲಂನಲ್ಲಿ "ರಸ್ತೆ". ಗುಂಡಿ ಅನ್ನುವ ಪದ ಒಂದು ಕಡೆಯೂ ಇರಲಿಲ್ಲ. ಅಣ್ಣನ ಸಾಲಿನಲ್ಲೂ ಇರಲಿಲ್ಲ.

ಪಾಲಿಕೆಯಿಂದ ಮೂವತ್ತು ದಿನ ಕಳೆದರೂ ಸುದ್ದಿಯಿಲ್ಲ. ಉತ್ತರ ಕೊಡದಿದ್ದರೆ ಅದು ನಿರಾಕರಿಸಿದ ಹಾಗೆಯೇ ಅಂತ ಕಾಯ್ದೆ ಹೇಳುತ್ತದೆ. ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬೇಕು. ಹಾಕಿದೆ. ಇಲ್ಲೂ ಆಗದಿದ್ದರೆ ತೊಂಬತ್ತು ದಿನದೊಳಗೆ ಬೆಂಗಳೂರಿಗೆ, ವಿಧಾನಸೌಧದ ಎದುರಿನ ದೇವರಾಜ ಅರಸು ರಸ್ತೆಯ ಮಾಹಿತಿ ಸೌಧಕ್ಕೆ, ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಹೋಗುತ್ತದೆ. ಅದನ್ನೂ ಬರೆದು ಕವರಿನಲ್ಲಿ ಇಟ್ಟುಕೊಂಡಿದ್ದೆ. ಬೇಕಾಗಲಿಲ್ಲ. ಡಿಸೆಂಬರಿನಲ್ಲಿ ವಿಚಾರಣೆಗೆ ಕರೆದರು. ಮೇಲ್ಮನವಿ ಅಧಿಕಾರಿ ನನ್ನ ಅರ್ಜಿ ಓದಿ, ಪಕ್ಕದಲ್ಲಿ ನಿಂತಿದ್ದವರನ್ನು "ಇದರಲ್ಲಿ ಕೊಡಬಾರದ್ದು ಏನಿದೆ?" ಅಂತ ಕೇಳಿದರು. ಉತ್ತರ ಬರಲಿಲ್ಲ. ಕಡತ ತೋರಿಸಿ, ಅವಧಿ ಮೀರಿದ್ದರಿಂದ ಪ್ರತಿಗಳನ್ನು ಉಚಿತವಾಗಿ ಕೊಡಿ ಅಂತ ಅಲ್ಲೇ ಬರೆದರು. ಪುಟಕ್ಕೆ ಎರಡು ರೂಪಾಯಿಯಾದರೂ ನನಗೆ ಅದು ಉಳಿತಾಯವೇ.

ಕಡತ ನೋಡಿದ ದಿನ ನನಗೆ ಚೆನ್ನಾಗಿ ನೆನಪಿದೆ. ಒಂದು ದಿನ ರಜೆ ಹಾಕಿದ್ದೆ. ಹಳೇ ಮರದ ಮೇಜು, ಮೇಲೆ ಧೂಳು ಹೊಡೆದು ತಂದಿಟ್ಟ ನಾಲ್ಕು ಕಡತ, ಒಂದು ಉದ್ದದ ಅಳತೆ ಪುಸ್ತಕ. ವರ್ಕ್ ಇನ್‌ಸ್ಪೆಕ್ಟರ್ ಎದುರಿಗೆ ಕೂತಿದ್ದರು. ನಾನು ಪೆನ್ಸಿಲ್, ಸ್ಕೇಲು, ಒಂದು ನೋಟ್‌ಬುಕ್ ಒಯ್ದಿದ್ದೆ.

ನಿಜ ಹೇಳಬೇಕೆಂದರೆ, ನಾನು ಹೋಗಿದ್ದು ಸುಳ್ಳು ಬಿಲ್ ಹಿಡಿಯಲು. ಗುಂಡಿ ಮುಚ್ಚದೆ ಮುಚ್ಚಿದ್ದೇವೆ ಅಂತ ಬರೆದಿರುತ್ತಾರೆ ಅಂದುಕೊಂಡಿದ್ದೆ. ಎಂ.ಬಿ.ಯಲ್ಲಿ ಟ್ಯಾಂಕ್ ತಿರುವಿನ ಹೆಸರಿನಲ್ಲಿ ಮೂರು ನಮೂದುಗಳಿದ್ದವು.

2021ರ ಅಕ್ಟೋಬರ್. ಉದ್ದ 0.60, ಅಗಲ 0.45, ಆಳ 0.05 ಮೀಟರ್.
2022ರ ಮಾರ್ಚ್. ಉದ್ದ 0.90, ಅಗಲ 0.60, ಆಳ 0.05.
2022ರ ಜುಲೈ 20. ಉದ್ದ 1.20, ಅಗಲ 0.90, ಆಳ 0.075.

ಅಭ್ಯಾಸಬಲ, ನಾನು ಗುಣಿಸಿ ನೋಡಿದೆ. 0.0135 ಘನ ಮೀಟರ್, 0.027, 0.081. ಪುಸ್ತಕದಲ್ಲೂ ಅದೇ ಇತ್ತು. ಲೆಕ್ಕ ಸರಿಯಾಗಿತ್ತು. ಆಮೇಲೆ ಆ ಮೂರು ಅಂಕಿಯನ್ನು ಒಂದರ ಕೆಳಗೆ ಒಂದು ಬರೆದು ನೋಡುತ್ತಾ ಕೂತೆ. ಮೊದಲನೆಯದಕ್ಕಿಂತ ಎರಡನೆಯದು ಎರಡು ಪಟ್ಟು. ಎರಡನೆಯದಕ್ಕಿಂತ ಮೂರನೆಯದು ಮೂರು ಪಟ್ಟು. ಒಂಬತ್ತು ತಿಂಗಳಲ್ಲಿ ಗುಂಡಿ ಆರು ಪಟ್ಟು ಬೆಳೆದಿತ್ತು. ಪ್ರತಿ ಸಲ ಮುಚ್ಚಿದ್ದಾರೆ, ಪ್ರತಿ ಸಲ ಅದು ಮೊದಲಿಗಿಂತ ದೊಡ್ಡದಾಗಿ ತೆರೆದುಕೊಂಡಿದೆ. ಅಳೆದವರು ಪ್ರಾಮಾಣಿಕವಾಗಿಯೇ ಅಳೆದಿದ್ದರು. ಅದು ಅವರ ಕೈಯಲ್ಲೇ ಬೆಳೆಯುತ್ತಿರುವುದು ಮೂರು ಸಾಲನ್ನು ಒಟ್ಟಿಗೆ ಇಟ್ಟು ನೋಡಿದರೆ ಯಾರಿಗಾದರೂ ಕಾಣುತ್ತಿತ್ತು. ಮೂರು ಸಾಲೂ ಬೇರೆ ಬೇರೆ ಪುಟದಲ್ಲಿದ್ದವು.

"ಇದು ಯಾಕೆ ಹೀಗೆ ಬೆಳೀತು ಸಾರ್?" ಅಂದೆ. ವರ್ಕ್ ಇನ್‌ಸ್ಪೆಕ್ಟರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೇಡಂ, ಮೇಲೆ ತೇಪೆ ಹಾಕೋದು ನನ್ ಕೆಲ್ಸ. ಕೆಳಗಿನ ಮಣ್ಣು ಕುಸೀತಾ ಇದ್ರೆ ನಾನೇನ್ ಮಾಡ್ಲಿ? ಆ ಹಳದಿ ಕಡತ ನೋಡಿ" ಅಂದರು. ಆ ಹೊತ್ತಿಗೆ ಅವರು ಹಾಗೆ ಹೇಳದೇ ಇದ್ದಿದ್ದರೆ ನಾನು ಆ ಕಡತ ತೆರೆಯುತ್ತಲೇ ಇರಲಿಲ್ಲವೇನೋ. ಅವರಿಗೆ ನಾನು ಋಣಿ.

ಹಳದಿ ಕಡತ ರಸ್ತೆ ಅಗೆತದ ಅನುಮತಿಯದ್ದು. 2021ರ ಮಾರ್ಚ್‌ನಲ್ಲಿ ರಸ್ತೆಗೆ ಹೊಸ ಡಾಂಬರು ಹಾಕಿದ್ದಾರೆ. ಜುಲೈನಲ್ಲಿ, ನಾಲ್ಕೇ ತಿಂಗಳಿಗೆ, ಟ್ಯಾಂಕಿನಿಂದ ನೀರಿನ ಪೈಪ್ ಎಳೆಯಲು ಅದೇ ರಸ್ತೆ ಅಗೆಯಲು ಅನುಮತಿ ಕೊಟ್ಟಿದ್ದಾರೆ. ಅಗೆದವರು ರಸ್ತೆಯನ್ನು ಮೊದಲಿನಂತೆ ಮಾಡುವ ಖರ್ಚನ್ನು ಮುಂಗಡವಾಗಿ ಕಟ್ಟಿದ್ದಾರೆ. ಚಲನ್ ಪ್ರತಿ ಇತ್ತು. ಪೈಪ್ ಹಾಕಿ, ಅಗೆದ ಮಣ್ಣನ್ನೇ ಮೇಲೆ ಎಳೆದು ಮುಚ್ಚಿದ್ದಾರೆ. ಮಣ್ಣನ್ನು ಪದರ ಪದರವಾಗಿ ಹಾಕಿ, ನೀರು ಬಿಟ್ಟು, ದಮ್ಮಸು ಮಾಡಿ, ಜಲ್ಲಿ ಹಾಕಿ ರೋಲರ್ ಓಡಿಸಿ ಆಮೇಲೆ ಡಾಂಬರು ಹಾಕಬೇಕು. ಅದು ಪಾಲಿಕೆಯ ಕೆಲಸ, ಅದಕ್ಕೆಂದೇ ದುಡ್ಡು ಕಟ್ಟಿಸಿಕೊಂಡಿದ್ದು. ಅದರ ಅಂದಾಜು ಪಟ್ಟಿಗೆ ಮಂಜೂರಾತಿ ಕೇಳಿದ ಟಿಪ್ಪಣಿಯೊಂದು ಇತ್ತು. ಅದರ ಮೇಲೆ "ಚರ್ಚಿಸಿ" ಅಂತ ಒಂದು ಷರಾ. ಕಡತ ಅಲ್ಲಿಗೆ ನಿಂತಿತ್ತು.

ಕರಾರು ಪತ್ರದಲ್ಲಿ ಎರಡು ವರ್ಷದ ದೋಷ ಹೊಣೆಗಾರಿಕೆ ಅವಧಿ ಇತ್ತು. ಅಂದರೆ ಆ ಅವಧಿಯಲ್ಲಿ ರಸ್ತೆ ಕೆಟ್ಟರೆ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು. ಗುತ್ತಿಗೆದಾರರ ಪತ್ರ ಇತ್ತು: ಬೇರೆಯವರು ಅಗೆದ ಜಾಗಕ್ಕೆ ತಾವು ಹೊಣೆಯಲ್ಲ. ಅದೂ ಸರಿಯೇ ಅನಿಸಿತು. ಪೈಪಿನವರು ದುಡ್ಡು ಕಟ್ಟಿದ್ದಾರೆ, ಅವರದೂ ಸರಿ. ತೇಪೆ ಹಾಕಿದವರು ಅಳೆದು ಹಾಕಿದ್ದಾರೆ. ಹೀಗೆ ಪ್ರತಿಯೊಬ್ಬರ ಕಾಗದವೂ ಸರಿಯಾಗಿತ್ತು. ಪೊಳ್ಳು ಮಣ್ಣಿನ ಮೇಲೆ ತೇಪೆ ಬೀಳುತ್ತಿತ್ತು, ಮಳೆ ನೀರು ಅಂಚಿನಿಂದ ಒಳಗಿಳಿದು ಡಾಂಬರನ್ನು ಜಲ್ಲಿಯಿಂದ ಬಿಡಿಸುತ್ತಿತ್ತು, ಬಸ್ಸಿನ ಚಕ್ರ ಅದನ್ನು ಎತ್ತಿ ಎಸೆಯುತ್ತಿತ್ತು. ಜುಲೈ 20ರಂದು ಮಳೆಯ ನಡುವೆ ಹಾಕಿದ ತೇಪೆ ಎರಡು ವಾರ ಬಾಳಿತು. ಅಣ್ಣ ಬಿದ್ದದ್ದು ಆಗಸ್ಟ್ ಮೊದಲ ವಾರ.

ಕೊನೆಯ ಕಡತ ದೂರುಗಳದ್ದು. ಅದರಲ್ಲಿ ನಾನು ಹೆಸರು ತಿಳಿದು ಕೇಳಲು ಸಾಧ್ಯವೇ ಇಲ್ಲದ ಕಾಗದ ಸಿಕ್ಕಿತು. 27-6-2022ರ ಒಂದು ಪತ್ರ. ಗೆರೆ ಹಾಕಿದ ನೋಟ್‌ಬುಕ್ ಹಾಳೆ, ನೀಲಿ ಇಂಕು, ದುಂಡನೆಯ ಅಕ್ಷರ, ಕೆಳಗೆ ಶಾಲೆಯ ಸೀಲು. ನಮ್ಮ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ ಬರೆದದ್ದು. ಶಾಲೆ ಶುರುವಾದ ಮೇಲೆ ಟ್ಯಾಂಕ್ ತಿರುವಿನಲ್ಲಿ ಮೂವರು ಮಕ್ಕಳು ಸೈಕಲ್‌ನಿಂದ ಬಿದ್ದಿದ್ದಾರೆ, ಒಬ್ಬಳ ಮುಂದಿನ ಹಲ್ಲು ಮುರಿದಿದೆ, ದಯವಿಟ್ಟು ಬೇಗ ಸರಿಮಾಡಿಸಿ ಅಂತ. ಪತ್ರದ ಮೂಲೆಯಲ್ಲಿ ಕೆಂಪು ಇಂಕಿನ ಷರಾ: "ಗುಂಡಿ ಮುಚ್ಚಲಾಗಿದೆ. ಮುಕ್ತಾಯ." ದಿನಾಂಕ 20-7-2022.

ಆ ಮಕ್ಕಳನ್ನು ನಾನು ದಿನಾ ನೋಡುತ್ತೇನೆ. ಅಕ್ಕಂದಿರು ತುಳಿದು ಬಿಟ್ಟ ಸೈಕಲ್ ಇವರ ಪಾಲಿಗೆ ಬಂದಿರುತ್ತದೆ. ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006–07ರಲ್ಲಿ ಶುರುವಾಯಿತಲ್ಲ, ಆ ಸೈಕಲ್ಲುಗಳಿಂದಲೇ ಎಷ್ಟೋ ಹೆಣ್ಣುಮಕ್ಕಳು ಓದು ಬಿಡದೆ ಉಳಿದರು. ಅಂಥ ಒಂದು ಮಗುವಿನ ಹಲ್ಲು ಮುರಿದದ್ದು ಠಾಣೆಯ ಪುಸ್ತಕದಲ್ಲಿ ಇಲ್ಲ, ಎಂ.ಬಿ.ಯಲ್ಲಿ ಇಲ್ಲ. ಗುಂಡಿಯ ಆಳವನ್ನು ಮೀಟರಿನ ಸಾವಿರದಲ್ಲೊಂದು ಭಾಗದವರೆಗೆ ಬರೆಯಲು ಜಾಗ ಇರುವ ಪುಸ್ತಕದಲ್ಲಿ, ಅದರೊಳಗೆ ಯಾರು ಬಿದ್ದರು ಅಂತ ಬರೆಯಲು ಒಂದು ಕಾಲಂ ಇಲ್ಲ. ಒಬ್ಬ ಟೀಚರ್ ಹರಿದ ಹಾಳೆಯಲ್ಲಿ ಬರೆದು ಸೀಲು ಒತ್ತಿ ಕಳಿಸದೇ ಇದ್ದಿದ್ದರೆ ಅದೂ ಎಲ್ಲೂ ಇರುತ್ತಿರಲಿಲ್ಲ. ನಾನು ಆ ಹಾಳೆಯನ್ನು ತುಂಬಾ ಹೊತ್ತು ಹಿಡಿದುಕೊಂಡಿದ್ದೆ.

ಪ್ರತಿಗಳು ಕೈಗೆ ಬಂದ ಮೇಲೆ ಎರಡು ಕೆಲಸ ಮಾಡಿದೆ. ಮೊದಲನೆಯದು, ಚಲನ್ ಮತ್ತು ನಿಂತುಹೋದ ಟಿಪ್ಪಣಿಯ ಪ್ರತಿ ಲಗತ್ತಿಸಿ ಆಯುಕ್ತರಿಗೆ ಪತ್ರ. ಅದರಲ್ಲಿ ಒಂದು ಆರೋಪವನ್ನೂ ಬರೆಯಲಿಲ್ಲ. ದುಡ್ಡು ಈ ದಿನ ಜಮಾ ಆಗಿದೆ, ಕಡತ ಈ ದಿನ ನಿಂತಿದೆ, ಈ ಮೂರು ದಿನ ತೇಪೆ ಹಾಕಲಾಗಿದೆ, ಅಳತೆ ಇಷ್ಟಿಷ್ಟು. 2023ರ ಮಾರ್ಚ್‌ನಲ್ಲಿ ಜೆಸಿಬಿ ಬಂತು. ಪೈಪಿನ ಉದ್ದಕ್ಕೂ ಮಣ್ಣು ತೆಗೆದು, ನೀರು ಬೆರೆಸಿದ ಜಲ್ಲಿ ಮಿಶ್ರಣ (ವೆಟ್‌ಮಿಕ್ಸ್) ಹಾಕಿ, ರೋಲರ್ ಓಡಿಸಿ, ಡಾಂಬರು ಹಾಕಿದರು. ಆಮೇಲೆ ಬಂದ ಮಳೆಗಾಲಗಳಲ್ಲಿ ಅಲ್ಲಿ ಗುಂಡಿ ಬಿದ್ದಿಲ್ಲ.

ಎರಡನೆಯದು ಅಣ್ಣನ ಪರಿಹಾರದ ಅರ್ಜಿ. ಒಳ್ಳೆಯ ಸ್ಥಿತಿಯ ರಸ್ತೆ ಸಿಗುವುದು ಸಂವಿಧಾನದ 21ನೇ ವಿಧಿಯ ಹಕ್ಕಿನೊಳಗೇ ಬರುತ್ತದೆ, ಕೆಟ್ಟ ರಸ್ತೆಯಿಂದ ಗಾಯಗೊಂಡವರು ಪರಿಹಾರ ಕೇಳಬಹುದು ಅಂತ ಕರ್ನಾಟಕ ಹೈಕೋರ್ಟ್ 2019ರ ಜುಲೈನಲ್ಲಿ, ಬೆಂಗಳೂರಿನ ಗುಂಡಿಗಳ ಪ್ರಕರಣದಲ್ಲಿ ಹೇಳಿದೆ. ಅದನ್ನು ಉಲ್ಲೇಖಿಸಿ ಬರೆದೆವು. ಎಂ.ಬಿ. ಪುಟ, ಟೀಚರ್ ಪತ್ರ, ಎಕ್ಸ್‌ರೇ ಎಲ್ಲ ಇಟ್ಟೆವು. ಏಪ್ರಿಲ್‌ನಲ್ಲಿ ಹಿಂಬರಹ ಬಂತು. ಆಸ್ಪತ್ರೆಯ ದಾಖಲೆಯಲ್ಲಿ ಸೈಕಲ್‌ನಿಂದ ಬಿದ್ದಿರುವುದು ಮಾತ್ರ ಇದೆ, ಗುಂಡಿಯಿಂದ ಬಿದ್ದರು ಎನ್ನುವುದಕ್ಕೆ ದಾಖಲೆ ಒದಗಿಸಿ. ಅಷ್ಟೆಲ್ಲ ಕಡತ ಹುಡುಕಿದ ನಾನು, ಆವತ್ತು ಚೀಟಿ ಬರೆಯುವಾಗ ಪಕ್ಕದಲ್ಲಿ ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ರೇಷನ್ ಅಂಗಡಿಯವರದ್ದೂ ನನ್ನದೂ ಪ್ರಮಾಣಪತ್ರ ಮಾಡಿಸಿ ಮತ್ತೆ ಕೊಟ್ಟಿದ್ದೇವೆ. ಇನ್ನೂ ತೀರ್ಮಾನ ಆಗಿಲ್ಲ. ಅಣ್ಣನ ಎಡಗೈ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಈಗ ಬುಟ್ಟಿಯನ್ನು ಹಿಂದಿನ ಕ್ಯಾರಿಯರ್‌ಗೆ ಕಟ್ಟಿಕೊಂಡು, ಸೈಕಲ್ ತಳ್ಳಿಕೊಂಡೇ ಬರುತ್ತಾರೆ.

ಕಳೆದ ಮಳೆಗಾಲದಲ್ಲಿ ಪಕ್ಕದ ಬೀದಿಯಲ್ಲಿ ಪೇಪರ್ ಹಾಕುವ ಹುಡುಗ ಬಿದ್ದ. ಮೊಣಕೈ ಕಿತ್ತು ರಕ್ತ ಸುರಿಯುತ್ತಿತ್ತು. ಮೊದಲು ಗುಂಡಿಯ ಪಕ್ಕ ಅವನ ಸೈಕಲ್ ನಿಲ್ಲಿಸಿ, ಹಿಂದಿನ ಅಂಗಡಿಯ ಬೋರ್ಡ್ ಕಾಣುವ ಹಾಗೆ ಫ್ಯಾನ್ಸಿ ಸ್ಟೋರಿನ ಹುಡುಗಿಯ ಕೈಲಿ ಫೋಟೋ ತೆಗೆಸಿದೆ. ಆಮೇಲೆ ಆಸ್ಪತ್ರೆ. ಕೌಂಟರಿನಲ್ಲಿ "ಹೇಗಾಯ್ತು?" ಅಂತ ಕೇಳಿದರು. ಹುಡುಗ "ಸೈಕಲ್‌ನಿಂದ..." ಅಂತ ಶುರುಮಾಡಿದ.

"ರಸ್ತೆ ಗುಂಡಿಗೆ ಚಕ್ರ ಸಿಕ್ಕಿ ಬಿದ್ದ" ಅಂದೆ. "ಜಾಗದ ಹೆಸರನ್ನೂ ಬರೀರಿ ಸಿಸ್ಟರ್, ಹೇಳ್ತೀನಿ."

ಅವರು ನನ್ನ ಮುಖ ನೋಡಿದರು. ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ನಾನು ಹೇಳಿದ್ದನ್ನೇ ಬರೆದುಕೊಂಡರು. ಬರೆದು ಮುಗಿಯುವವರೆಗೂ ನಾನು ಅಲ್ಲೇ ನಿಂತು ಓದಿದೆ.